ಹೊಲ ಮಾಡುವವಳ ಹೆಸರು ಕಾಗದದಲ್ಲಿ ಏಕಿಲ್ಲ?



ನಾನು ಓದಿದ್ದು ಮೆಟ್ರಿಕ್ಕು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಹಾಗಾಗಿ ದೊಡ್ಡ ಶಾಸ್ತ್ರ ಹೇಳುವುದಿಲ್ಲ. ಕೌಂಟರಿನ ಈಚೆ ಕುಳಿತು ಕಂಡದ್ದನ್ನು ಹೇಳುತ್ತೇನೆ.

ಒಂದು ಮುಂಗಾರಿನಲ್ಲಿ ಒಬ್ಬ ಹೆಣ್ಣುಮಗಳು ಬೆಳೆ ಸಾಲ ಕೇಳಲು ಬಂದಳು. ಗಂಡ ಕೂಲಿಗೆಂದು ಗುಂಟೂರಿನ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಬಿತ್ತುವುದು, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಎಲ್ಲ ಅವಳದೇ. ಪಟ್ಟಾ ಪಾಸ್‌ಬುಕ್ಕು ಮಾತ್ರ ಗಂಡನ ಹೆಸರಿನಲ್ಲಿತ್ತು. "ಅವರನ್ನು ಕರೆದುಕೊಂಡು ಬಾರಮ್ಮ" ಎಂದೆ. ಅವಳು, "ಹೊಲದಾಗ ನನ್ನ ಕೈ ಬೇಕು, ಕಾಗದದಾಗ ಬ್ಯಾಡೇನ್ರಿ ಸಾರ್?" ಎಂದಳು. ನಿಯಮ ನಾನು ಮಾಡಿದ್ದಲ್ಲ. ಆದರೆ ಅವಳನ್ನು ಹಿಂದಕ್ಕೆ ಕಳಿಸಿದ ಮಾತು ನನ್ನ ಬಾಯಿಂದಲೇ ಬಂತು. ಅವಳು ಬಡ್ಡಿ ವ್ಯಾಪಾರಿಯ ಹತ್ತಿರ ಹೋದಳೆಂದು ಆಮೇಲೆ ತಿಳಿಯಿತು.

ಇದು ಒಬ್ಬಳ ಕಥೆಯಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ನೂರಕ್ಕೆ ಸುಮಾರು 14 ಮಾತ್ರ. ನಮ್ಮ ಕೋಸಿಗಿ, ಕೌತಾಳಂ ಕಡೆಯ ಹೊಲಗಳಲ್ಲಿ ಬಗ್ಗಿ ನಿಂತವರನ್ನು ಎಣಿಸಿ ನೋಡಿ, ಲೆಕ್ಕ ಬೇರೆಯೇ ಬರುತ್ತದೆ. ಕಾಗದದಲ್ಲಿ ಹೆಸರಿಲ್ಲದಿದ್ದರೆ ಸಾಲವಿಲ್ಲ, ಬೆಳೆ ವಿಮೆಯಿಲ್ಲ, ಪರಿಹಾರವೂ ಇಲ್ಲ. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಮೇಲೆ ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಇದ್ದೂ ಲೆಕ್ಕಕ್ಕೆ ಬಾರದವರ ಪಾಡು ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಹಾಗಾದರೆ ಹೆಂಗಸರು ಸೇರಿ ಸರಕಾರದ ನೀತಿಯನ್ನು ಅಲುಗಿಸಬಲ್ಲರೇ? ಅಲುಗಿಸಿದ್ದಾರೆ. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ ಕೂಲಿ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗೆ ಎದುರು ನಿಂತರು. ಕಿಚ್ಚು ಊರಿಂದೂರಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಸರಕಾರ ಸಾರಾಯಿ ನಿಲ್ಲಿಸಬೇಕಾಯಿತು.

ಬೇಸಾಯದ ವಿಷಯಕ್ಕೆ ಬರೋಣ. ಬೀದರಿನ ಪಕ್ಕದ ಜಹೀರಾಬಾದ್ ಕೂಡ ನಮ್ಮಂತೆ ಗಡಿ ಸೀಮೆ. ಅಲ್ಲಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ 1983ರಿಂದ ಇದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಆದರೆ ನಿಜವಾದ ಬಲ ಸಂಘದ ಹೆಂಗಸರದು. ಹೆಚ್ಚಿನವರು ದಲಿತರು, ತುಂಡು ನೆಲದವರು. ಬೀಡು ಬಿದ್ದ ನೆಲವನ್ನು ಉತ್ತು ಜೋಳ ಬೆಳೆದರು. ಪಡೆದ ಸಾಲವನ್ನು ಕಾಳಿನ ರೂಪದಲ್ಲಿ ತೀರಿಸಿ, ಆ ಕಾಳನ್ನು ಊರಿನ ಬಡವರಿಗೆ ಕಡಿಮೆ ಬೆಲೆಗೆ ಕೊಟ್ಟರು. ರೇಷನ್ ಅಂಗಡಿಯಲ್ಲಿ ಅಕ್ಕಿ, ಗೋಧಿಯೇ ಏಕೆ, ಜೋಳ, ಸಜ್ಜೆ ಏಕಿಲ್ಲ ಎಂದು ಕೇಳಿದರು. ಇಂಥ ಹಲವರ ಒತ್ತಾಯದಿಂದ 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಕಿಲೋಗೆ 1 ರೂಪಾಯಿಯಂತೆ ಸಿರಿಧಾನ್ಯಕ್ಕೂ ಜಾಗ ಸಿಕ್ಕಿತು. 2008ರಲ್ಲಿ ಅದೇ ಹೆಂಗಸರು ತಮ್ಮದೇ ಸಂಘಂ ರೇಡಿಯೋ ಆರಂಭಿಸಿದರು.

2001ರಲ್ಲಿ ಮೆದಕ್ ಜಿಲ್ಲೆಯಲ್ಲಿ "ಪ್ರಜಾ ತೀರ್ಪು" ಎಂಬ ಪಂಚಾಯತಿ ನಡೆಯಿತು. ರಾಜ್ಯದ ಬೇರೆ ಬೇರೆ ಕಡೆಯ ಸಣ್ಣ ರೈತರೇ ಪಂಚರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಅಧಿಕಾರಿಗಳು, ವಿಜ್ಞಾನಿಗಳು, ಬೀಜ ಕಂಪನಿಯವರು ಅವರ ಮುಂದೆ ಸಾಕ್ಷಿ ಹೇಳಿದರು. ಬೇಸಾಯ ನಂಬಿದವರ ಸಂಖ್ಯೆಯನ್ನು ನೂರಕ್ಕೆ 70ರಿಂದ 40ಕ್ಕೆ ಇಳಿಸುವ ಯೋಜನೆ ಬೇಡವೆಂದು ಪಂಚರು ತೀರ್ಪು ಕೊಟ್ಟರು. ಬಿಟಿ ಹತ್ತಿಯೂ ಬೇಡವೆಂದರು. ಮುಂದಿನ ವರ್ಷವೇ ಬಿಟಿ ಹತ್ತಿಗೆ ಕೇಂದ್ರದ ಅನುಮತಿ ಸಿಕ್ಕಿತು. ಆ ಮಾತು ನಡೆಯಲಿಲ್ಲ, ನಿಜ. ಆದರೆ ಕೇಳುವವರ ಸಾಲಿನಿಂದ ಎದ್ದು ತೀರ್ಪು ಹೇಳುವ ಜಾಗದಲ್ಲಿ ಕುಳಿತದ್ದು ಸಣ್ಣ ಮಾತಲ್ಲ.

ಡಾ. ಎಂ.ಎಸ್. ಸ್ವಾಮಿನಾಥನ್ ಅವರು ಮಹಿಳಾ ರೈತರ ಹಕ್ಕಿನ ಮಸೂದೆಯನ್ನು 2012ರಲ್ಲಿ ರಾಜ್ಯಸಭೆಯ ಮುಂದಿಟ್ಟರು, ಅದು ಕಾಯ್ದೆಯಾಗಲಿಲ್ಲ. ವಿಶ್ವಸಂಸ್ಥೆ 2026ನ್ನು ಮಹಿಳಾ ರೈತರ ವರ್ಷವೆಂದು ಸಾರಿದೆ. ವರ್ಷಗಳು ಬರುತ್ತವೆ, ಹೋಗುತ್ತವೆ. ಕಾಗದ ತಾನಾಗಿ ಬದಲಾಗುವುದಿಲ್ಲ.

ನಮ್ಮೂರುಗಳಲ್ಲಿ ಪೊದುಪು ಸಂಘಗಳಿವೆ. ಕಂತು ಕಟ್ಟಿ, ಪುಸ್ತಕ ಬರೆದು, ಸಾಲ ತೀರಿಸಿದ ಅನುಭವ ನಿಮಗಿದೆ. ಆ ಪುಸ್ತಕಗಳನ್ನು ತಿದ್ದಿದವನು ನಾನು. ನಿಮ್ಮ ಲೆಕ್ಕ ಎಷ್ಟು ಚೊಕ್ಕಟವೆಂದು ಬಲ್ಲೆ. ಕಂತಿನ ದಿನ ಒಂದು ಗಳಿಗೆ ಹೆಚ್ಚು ಕುಳಿತುಕೊಳ್ಳಿ. ಯಾರ ಹೊಲ ಯಾರ ಹೆಸರಿನಲ್ಲಿದೆ, ಯಾರು ಗುತ್ತಿಗೆಗೆ ಮಾಡುತ್ತಿದ್ದಾರೆ, ಪಟ್ಟಿ ಮಾಡಿ. ಗಂಡಹೆಂಡಿರ ಜಂಟಿ ಹೆಸರು ಬೇಕೆಂದು ಅರ್ಜಿ ಬರೆಯಿರಿ, ಗ್ರಾಮಸಭೆಯಲ್ಲಿ ಓದಿಸಿ, ತೆಗೆದುಕೊಂಡದ್ದಕ್ಕೆ ರಸೀದಿ ಕೇಳಿ. ತೆಲುಗಿನಲ್ಲಿ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳು ಬರೆದುಕೊಡುತ್ತಾಳೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಅವಳಿಗೂ ಇದೆ ಎಂಬುದನ್ನು ಬರೆಯುತ್ತಲೇ ಅವಳೂ ತಿಳಿದುಕೊಳ್ಳಲಿ.

ಗಂಡಸರಿಗೆ ಒಂದು ಮಾತು. ಹೆಂಡತಿಯ ಹೆಸರು ಸೇರಿದರೆ ಹೊಲ ಕಡಿಮೆಯಾಗುವುದಿಲ್ಲ. ನೀವು ಸುಗ್ಗಿಗೆ ಹೋದ ದಿನ ಬ್ಯಾಂಕಿನ ಬಾಗಿಲಿನಿಂದ ಅವಳು ಬರಿಗೈಯಲ್ಲಿ ಹಿಂತಿರುಗುವುದು ತಪ್ಪುತ್ತದೆ.

ಆ ದಿನ ನಾನು ಕೊಡಲಾಗದ ಉತ್ತರವನ್ನು ಇಂದು ಕೊಟ್ಟಿದ್ದೇನೆ. ಆ ತಾಯಿ ಎಲ್ಲಿದ್ದರೂ ಕೇಳಿಸಿಕೊಂಡಿರಲಿ.