ಏಳನೆಯ ದಿನದ ತರುವಾಯ

(ಶತಮಾನೋತ್ಸವದ ನಿಮಿತ್ತ ಕಾಲೇಜು ವಿದ್ಯಾರ್ಥಿಗಳ ಹಾಗೂ ಹೆತ್ತವರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಸಭೆಯಲ್ಲಿ ಗತಕಾಲದ ಸ್ಮರಣೆ ಮಾಡುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಇಂದು ಮುಂದಿನ ಸಾಲುಗಳಲ್ಲಿ ಕುಳಿತಿರುವವರು ವಿದ್ಯಾರ್ಥಿಗಳಾದುದರಿಂದ, ಮುಂಬರುವ ದಿನಗಳಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ತಮ್ಮೆದುರು ಇಡಬಯಸುತ್ತೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕಾಲೇಜುಗಳ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಸೇವಾ ಶಿಬಿರ ನಡೆಸುತ್ತಾರೆ. ಬೀದಿ ಗುಡಿಸುತ್ತಾರೆ, ಸಸಿ ನೆಡುತ್ತಾರೆ, ಜಾಥಾ ಹೊರಡಿಸುತ್ತಾರೆ. ಶಿಬಿರವಿರುವುದು ಏಳು ದಿನ. ಎಂಟನೆಯ ದಿನ ಆ ಊರಿನಲ್ಲಿ ಉಳಿಯುವುದೇನು?

ಈ ಸೇವೆಯ ಮೂಲವನ್ನು ಮೊದಲು ತಿಳಿಯೋಣ. ಮಹಾತ್ಮಾ ಗಾಂಧಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಆಗ ಅದರಲ್ಲಿದ್ದುದು 37 ವಿಶ್ವವಿದ್ಯಾಲಯಗಳು, ಸುಮಾರು 40,000 ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ದತ್ತು ಪಡೆದ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ, ಇದು ಅದರ ಕ್ರಮ. ‘ನಾನಲ್ಲ, ನೀನು’ ಎಂಬುದು ಅದರ ಧ್ಯೇಯವಾಕ್ಯ. ನಾಡನ್ನು ಬರ ಕಾಡಿದ್ದ 1973ರಲ್ಲಿ ಈ ಶಿಬಿರಗಳು ಬರಗಾಲವನ್ನು ಎದುರಿಸುವುದನ್ನೇ ತಮ್ಮ ವಿಷಯವನ್ನಾಗಿ ಆರಿಸಿಕೊಂಡವು. ಪುಸ್ತಕ ಹಿಡಿದ ಕೈಗೆ ಗುದ್ದಲಿಯ ಪರಿಚಯವಾಗಲಿ, ಓದಿದವನಿಗೆ ಉಳುವವನ ಕಷ್ಟ ತಿಳಿಯಲಿ ಎಂಬುದೇ ಹಿರಿಯರ ಆಶಯವಾಗಿತ್ತು.

ಆಶಯವು ಉತ್ತಮವಾದುದು. ಆದರೆ ಆಚರಣೆಯಲ್ಲಿ ಎರಡು ಕೊರತೆಗಳು ಕಾಣುತ್ತವೆ. ಮೊದಲನೆಯದು, ನೆಲವನ್ನು ಅರಿಯದೆ ಕೆಲಸಕ್ಕೆ ಇಳಿಯುವುದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಹೆಚ್ಚಿನ ಪಾಲು ಬರುವುದು ಮುಂಗಾರಿನ ಕೊನೆಯಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ. ಶಿಬಿರಗಳಾದರೋ ಪರೀಕ್ಷೆ, ರಜೆಗಳ ಲೆಕ್ಕ ನೋಡಿ ನಡೆಯುತ್ತವೆಯೇ ಹೊರತು ಮಳೆಯ ಲೆಕ್ಕ ನೋಡಿ ಅಲ್ಲ. ಫೆಬ್ರವರಿ, ಮಾರ್ಚಿಯಲ್ಲಿ ನೆಟ್ಟ ಸಸಿ ಈ ಬಿಸಿಲಿನಲ್ಲಿ ಎಷ್ಟು ದಿನ ಬದುಕೀತು ಎಂಬುದನ್ನು ನಮ್ಮ ಒಕ್ಕಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ನಾಲ್ಕು ತಾಲೂಕುಗಳ ಕಷ್ಟವೂ ಒಂದೇ ಬಗೆಯದಲ್ಲ. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಭತ್ತ ಬೆಳೆಯುತ್ತದೆ. ಅಲ್ಲಿನ ಕೇಡು ನೀರಿನ ಕೊರತೆಗಿಂತ ನೀರಿನ ಅತಿಬಳಕೆ, ಅದರಿಂದ ಸವುಳಾಗುವ ಭೂಮಿ. ಕುಷ್ಟಗಿ, ಯಲಬುರ್ಗಾಗಳಲ್ಲಿ ಸಜ್ಜೆ, ಜೋಳ, ಕಡಲೆ ಬೆಳೆಯುವ ರೈತ ಮುಗಿಲನ್ನೇ ನೋಡುತ್ತಾನೆ; ಅಲ್ಲಿ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡು ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಮಕ್ಕಳ ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಕೀಲು ಬಿಗಿಯುತ್ತದೆ, ಮೂಳೆ ಬಾಗುತ್ತದೆ. ನೀರನ್ನು ಕುದಿಸಿದರೆ ಈ ದೋಷ ಹೋಗುತ್ತದೆಂದು ಅನೇಕ ತಾಯಂದಿರು ನಂಬಿದ್ದಾರೆ. ಹೋಗುವುದಿಲ್ಲ, ಕುದಿಸಿ ಬತ್ತಿಸಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ರಸಾಯನಶಾಸ್ತ್ರ ಓದುವ ವಿದ್ಯಾರ್ಥಿನಿಯೊಬ್ಬಳು ಒಂದು ಓಣಿಯ ಮನೆಗಳಿಗೆ ಈ ಮಾತನ್ನು ತಿಳಿಸಿ ಬಂದರೆ, ಅದು ನೂರು ಫಲಕ ಹಿಡಿದು ನಡೆದ ಜಾಥಾಕ್ಕಿಂತ ದೊಡ್ಡ ಸೇವೆ.

ನೆಲವನ್ನು ಅರಿಯದೆ ಹಸಿರನ್ನು ಬಯಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಳ್ಳಕೊಳ್ಳಗಳಲ್ಲಿ ತುಂಬಿರುವ ಬಳ್ಳಾರಿ ಜಾಲಿಯೇ ಸಾಕ್ಷಿ. ಅಮೆರಿಕ ಖಂಡದ ಈ ಮುಳ್ಳುಗಿಡವನ್ನು 19ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ತಂದವರು ಬರಡು ನೆಲ ಹಸಿರಾಗಲಿ, ಬಡವರಿಗೆ ಉರುವಲು ಸಿಗಲಿ ಎಂಬ ಸದುದ್ದೇಶದವರೇ. ಉರುವಲೇನೋ ಸಿಕ್ಕಿತು. ಆದರೆ ಕೆರೆಯಂಗಳ, ಹಳ್ಳದ ಪಾತ್ರ, ಗೋಮಾಳಗಳನ್ನು ಅದು ಆಕ್ರಮಿಸಿತು. ಸದುದ್ದೇಶವೊಂದೇ ಸಾಲದು, ನೆಟ್ಟ ಮೇಲೆ ನೋಡಿಕೊಳ್ಳುವವರೂ ಬೇಕು.

ಎರಡನೆಯ ಕೊರತೆಯು ಇದೇ. ಬಂದವರು ದುಡಿದು ಹೋಗುತ್ತಾರೆ, ಊರವರು ನೋಡುತ್ತ ನಿಲ್ಲುತ್ತಾರೆ. ಊರು ತನ್ನದೆಂದು ಕೈಹಾಕದ ಕೆಲಸ ಯಾವುದೂ ನಿಲ್ಲುವುದಿಲ್ಲ. ಊರು ಕೈಹಾಕಿದರೆ ಏನಾದೀತು ಎಂಬುದನ್ನು ದೂರ ಹುಡುಕಬೇಕಾಗಿಲ್ಲ. ಕೊಪ್ಪಳದ ಹತ್ತಿರ ಹರಿದು ತುಂಗಭದ್ರೆಯನ್ನು ಸೇರುವ ಹಿರೇಹಳ್ಳವು ಜಾಲಿ, ಹೂಳು, ಕಸಗಳಿಂದ ಹೂತುಹೋಗಿತ್ತು. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕಿಳಿದು ಕೆಲಸ ಆರಂಭಿಸಿದರು. ರೈತರು, ವರ್ತಕರು, ಯುವಕರು ಜೊತೆಗೂಡಿದರು. ಕೆಲವರು ಹಣ ಕೊಟ್ಟರು, ಕೆಲವರು ಯಂತ್ರ ಕೊಟ್ಟರು, ಏನೂ ಇಲ್ಲದವರು ರಟ್ಟೆಯ ಬಲ ಕೊಟ್ಟರು. 20 ಕಿಲೋಮೀಟರಿಗೂ ಮಿಕ್ಕಿದ ಹಳ್ಳದ ಪಾತ್ರವು ಹಸನಾಯಿತು. ಅದೇ ವರ್ಷ ಕುಷ್ಟಗಿಯ ಬಳಿಯ ನಿಡಶೇಸಿ ಕೆರೆಯ ಹೂಳನ್ನೂ ಜನರೇ ಕೂಡಿ ಎತ್ತಿದರು. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ನಮ್ಮ ಹಿರಿಯರ ಗಾದೆ ಆ ವರ್ಷ ಕಣ್ಣಮುಂದೆ ನಿಜವಾಯಿತು. ಒಳ್ಳೆಯ ಕೆಲಸವನ್ನು ಯಾವ ಮಠ, ಯಾವ ಮಂದಿರ ಆರಂಭಿಸಿತೆಂದು ಕೇಳದೆ ಕೈಜೋಡಿಸುವುದು ಕ್ರೈಸ್ತರಾದ ನಮಗೂ ಭೂಷಣವೇ.

ಹೂಳಿನ ಮಾತು ಸಣ್ಣದೆಂದು ತಿಳಿಯಬಾರದು. 1953ರಲ್ಲಿ ತುಂಗಭದ್ರಾ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುವಂತಿತ್ತು, ಇಂದು ಅದು ಹಿಡಿಯುವುದು 105 ಟಿ.ಎಂ.ಸಿ.ಯ ಆಸುಪಾಸು. ಉಳಿದ ಜಾಗವನ್ನು ಮಣ್ಣು ತುಂಬಿದೆ. ಆ ಮಣ್ಣು ಮೇಲಿನ ಸೀಮೆಯ ಯಾರದೋ ಹೊಲದ ಮೇಲ್ಪದರ. ವಿದ್ಯಾರ್ಥಿಗಳು ಒಂದು ಹೊಲಕ್ಕೆ ಕಟ್ಟಿಕೊಟ್ಟ ಒಡ್ಡು ಆ ಹೊಲದ ಮಣ್ಣನ್ನು ಉಳಿಸುತ್ತದೆ, ಕೆಳಗಿನ ಕೆರೆಯನ್ನೂ ಉಳಿಸುತ್ತದೆ.

ಈಗ ಸ್ವಲ್ಪ ದೂರದ ದೃಷ್ಟಾಂತವೊಂದನ್ನು ಕೇಳಿರಿ. ಪೆಸಿಫಿಕ್ ಮಹಾಸಾಗರದ ಹನ್ನೆರಡು ದ್ವೀಪದೇಶಗಳು ಕೂಡಿ ನಡೆಸುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯವೆಂಬುದೊಂದಿದೆ. ಆ ಸೀಮೆಯಲ್ಲಿ ಕಡಲಿನಿಂದ ಕೆಲವೇ ಅಡಿ ಎತ್ತರವಿರುವ ದ್ವೀಪಗಳಿವೆ. ಸಮುದ್ರ ಏರಿದಂತೆ ಅಲ್ಲಿನ ಬಾವಿಗಳಿಗೆ ಉಪ್ಪುನೀರು ಸೇರುತ್ತದೆ. ನಮ್ಮಲ್ಲಿ ಬಂಡೆಯಿಂದ ಬರುವ ವಿಷ, ಅವರಲ್ಲಿ ಕಡಲಿನಿಂದ ಬರುವ ಉಪ್ಪು; ಕೊಡ ಹಿಡಿದ ತಾಯಿಯ ಕಷ್ಟ ಎರಡೂ ಕಡೆ ಒಂದೇ. 2019ರಲ್ಲಿ ಆ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ವನುವಾಟು ದೇಶದ ಪೋರ್ಟ್ ವಿಲಾದಲ್ಲಿ ತರಗತಿಯಲ್ಲಿ ಎದ್ದ ಒಂದು ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ಭೂಮಿಯ ಹವೆಯನ್ನು ಕೆಡಿಸದಂತೆ ನಡೆಯುವ ಹೊಣೆ ದೇಶಗಳಿಗೆ ಇದೆಯೇ, ಇಲ್ಲವೇ ಎಂಬುದೇ ಆ ಪ್ರಶ್ನೆ. ಅವರು ಸಂಘ ಕಟ್ಟಿದರು, ತಮ್ಮ ಸರಕಾರಗಳನ್ನು ಕಂಡರು. ಪದವಿ ಪಡೆದು ಹೊರಬಂದ ಮೇಲೂ ಕೆಲಸ ಬಿಡಲಿಲ್ಲ. ವನುವಾಟು ಸರಕಾರ ಮುಂದಾಯಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ಆ ಪ್ರಶ್ನೆಯನ್ನು ಸರ್ವಾನುಮತದಿಂದ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಕಳುಹಿಸಿತು. 2025ರ ಜುಲೈ 23ರಂದು ನ್ಯಾಯಾಲಯವು, ಹೌದು, ದೇಶಗಳಿಗೆ ಆ ಹೊಣೆ ಇದೆ ಎಂದು ಅಭಿಪ್ರಾಯ ನೀಡಿತು. ಆರು ವರ್ಷಗಳ ಪಟ್ಟುಬಿಡದ ಪ್ರಯತ್ನವದು.

ನಮ್ಮ ಮಕ್ಕಳೂ ಹೇಗ್ ನಗರಕ್ಕೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ತಮ್ಮ ಊರಿನ ಪ್ರಶ್ನೆಯನ್ನು ಬಿಡದೆ ಹಿಡಿದುಕೊಳ್ಳಲಿ ಎನ್ನುತ್ತೇವೆ. 2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳದ ಜನ ಬಂದ್ ಆಚರಿಸಿ ಬೀದಿಗಿಳಿದರು. ಕಾರ್ಖಾನೆಯ ಕೂಲಿಯಿಂದ ಒಲೆ ಉರಿಯುವ ಮನೆಗಳೂ ಇವೆ, ಹೊಗೆಯ ಕೆಳಗೆ ಉಸಿರಾಡುವ ಮನೆಗಳೂ ಇವೆ. ಎರಡೂ ಮನೆಗಳ ಮಾತು ಕೇಳಿ, ಗಾಳಿ ನೀರುಗಳನ್ನು ಪರೀಕ್ಷಿಸಿದ ಲೆಕ್ಕಗಳನ್ನು ಓದಿ, ಸತ್ಯವನ್ನು ಹೇಳಬಲ್ಲ ವಿದ್ಯಾವಂತರು ಊರಿಗೆ ಬೇಕು.

ಸಮುದಾಯ ಸೇವೆ ಎಂಬುದು ಗಿಡನೀರುಗಳಿಗೆ ಮುಗಿಯುವುದೂ ಇಲ್ಲ. 2021ರಲ್ಲಿ ಕುಷ್ಟಗಿ ತಾಲೂಕಿನ ಹಳ್ಳಿಯೊಂದರಲ್ಲಿ ದಲಿತರ ಕೂಸೊಂದು ಗುಡಿಯೊಳಗೆ ಓಡಿತೆಂದು ಅದರ ಮನೆಯವರಿಂದ ಶುದ್ಧೀಕರಣದ ವೆಚ್ಚ ಕೇಳಿದ ಸಂಗತಿ ನಾಡಿಗೆಲ್ಲ ತಿಳಿದಿದೆ. ಶಿಬಿರವು ಊರಿನ ದೊಡ್ಡ ಬೀದಿಯಲ್ಲಿ ಮಾತ್ರ ಕಸ ಗುಡಿಸಿ ಕೇರಿಗೆ ಕಾಲಿಡದೆ ಹಿಂದಿರುಗಿದರೆ, ಗುಡಿಸಬೇಕಾದ ಕಸ ಹಾಗೆಯೇ ಉಳಿಯಿತೆಂದು ಅರ್ಥ.

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಪ್ರಕಟಿಸಿದ ‘ಲಾವ್ದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರೆ ಬೇರೆಯಾಗಿ ಕೇಳಬಾರದೆಂದು ಬೋಧಿಸಿದ್ದಾರೆ. ಸಂತ ಲೂಕರ ಶುಭಸಂದೇಶದಲ್ಲಿ ಫಲ ಕೊಡದ ಅಂಜೂರದ ಮರದ ಸಾಮತಿಯಿದೆ. ಕಡಿದುಹಾಕು ಎಂದ ಒಡೆಯನ ಮುಂದೆ ತೋಟಗಾರನು ಬೇಡಿದ್ದು ಇನ್ನೊಂದು ವರ್ಷದ ಅವಕಾಶವನ್ನು. ಒಪ್ಪಿಕೊಂಡದ್ದು ಬುಡ ಅಗೆದು ಗೊಬ್ಬರ ಹಾಕುವ ದುಡಿಮೆಯನ್ನು. ಸೇವೆಯ ಲಕ್ಷಣವು ಅದೇ.

ಆದುದರಿಂದ ಮಕ್ಕಳೇ, ಮುಂದಿನ ಶಿಬಿರದಲ್ಲಿ ನೂರು ಸಸಿಗಳಿಗೆ ಬದಲಾಗಿ ಹತ್ತನ್ನೇ ನೆಡಿರಿ. ಮಳೆ ಹಿಡಿದ ಮೇಲೆ ನೆಡಿರಿ. ಬೇವು, ಹೊಂಗೆ, ಹುಣಸೆ, ಬನ್ನಿಯಂಥ ಈ ನೆಲದ ಮರಗಳನ್ನು ಆರಿಸಿರಿ. ಒಂದೊಂದು ಸಸಿಯನ್ನೂ ಒಂದೊಂದು ಮನೆಗೆ ಒಪ್ಪಿಸಿ, ಎರಡು ಬೇಸಿಗೆ ದಾಟುವವರೆಗೆ ವಿಚಾರಿಸಿರಿ. ಅದೇ ಹಳ್ಳಿಗೆ ಮೂರು ವರ್ಷ ಹೋಗಿರಿ. ಮಾಡಿದ್ದನ್ನು ಒಂದು ವಹಿಯಲ್ಲಿ ಬರೆದು ಕಿರಿಯರ ಕೈಗೆ ಕೊಡಿರಿ. ಕುಡಿಯುವ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ.

ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿ. ಗಂಡುಮಕ್ಕಳನ್ನು ಶಿಬಿರಕ್ಕೆ ಕಳುಹಿಸಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ. ನೀರು ಹೊರುವವರು ಹೆಂಗಸರು; ಅವರ ಕಷ್ಟವನ್ನು ಕೇಳಿ ತಿಳಿಯಬಲ್ಲವರೂ ಹೆಣ್ಣುಮಕ್ಕಳೇ. ಯಾವ ಕಾಲೇಜಿನ ಮಕ್ಕಳೇ ನಿಮ್ಮ ಊರಿಗೆ ಬರಲಿ, ರೊಟ್ಟಿ ಕೊಟ್ಟು ಕಳುಹಿಸಿದರೆ ಸಾಲದು. ಅವರೊಡನೆ ನೀವೂ ಸಲಿಕೆ ಹಿಡಿಯಿರಿ, ಅವರು ಹೋದ ಮೇಲೆ ಸಸಿಗೆ ಒಂದು ಕೊಡ ನೀರು ಹಾಕಿರಿ.

ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತವರು ಅದರ ನೆರಳಿನಲ್ಲಿ ಬಹುಕಾಲ ಕುಳಿತವರಲ್ಲ, ಕುಳಿತವರು ನಾವು. ನಮ್ಮ ಮಕ್ಕಳ ಮಕ್ಕಳು ಕುಳಿತುಕೊಳ್ಳಲು ನಾವು ಬಿಡುವ ನೆರಳು ಈ ಬಿಸಿಲುನಾಡಿನಲ್ಲಿ ಯಾವುದೆಂದು ತಾವೆಲ್ಲರೂ ಆಲೋಚಿಸಬೇಕೆಂದು ಬಿನ್ನವಿಸಿ, ತಮಗೆಲ್ಲರಿಗೂ ದೇವರ ಆಶೀರ್ವಾದವನ್ನು ಕೋರಿ, ನಮ್ಮ ಮಾತನ್ನು ಮುಗಿಸುತ್ತೇವೆ.