ನಮ್ಮ ಪಿಕಪ್ ಗಾಡಿ: ಕೊಳ್ಳುವ ಮುಂಚೆ, ಕೊಂಡ ಮೇಲೆ

(ಕ್ಯಾತ್ಸಂದ್ರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹಸು, ಕುರಿ, ಹೊಲಿಗೆ ಯಂತ್ರ, ಚಿಲ್ಲರೆ ಅಂಗಡಿ ಇವುಗಳ ಸಾಲದ ಬಗ್ಗೆ ನಾವು ಸಂಘಗಳಲ್ಲಿ ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಈಗ ಕೆಲವು ಸಂಘಗಳಲ್ಲಿ ಬೇರೆ ಮಾತು ಕೇಳಿಬರ್ತಾ ಇದೆ: "ಒಂದು ಪಿಕಪ್ ಗಾಡಿ ತಗೊಂಡ್ರೆ ಹೇಗೆ?" ಒಳ್ಳೆಯ ಯೋಚನೆ. ನಮ್ಮ ಕ್ಯಾತ್ಸಂದ್ರ ಹೆದ್ದಾರಿ ಪಕ್ಕದ ಊರು. ಇಲ್ಲಿನ ತಟ್ಟೆ ಇಡ್ಲಿ ಹೋಟೆಲುಗಳಿಗೆ ಬೆಳಕು ಹರಿಯೋದರೊಳಗೆ ಅಕ್ಕಿ, ಕಾಯಿ, ಗ್ಯಾಸ್ ಬರಬೇಕು. ಗುಬ್ಬಿ ಕಡೆಯಿಂದ ತೆಂಗು, ಅಡಿಕೆ ಬರ್ತದೆ. ಕುಣಿಗಲ್ ಕಡೆಯಿಂದ ರಾಗಿ ಬರ್ತದೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗ್ತದೆ. ಹೊರೋಕೆ ಸರಕು ಉಂಟು, ಬಾಡಿಗೆಯೂ ಉಂಟು.

ಆದರೆ ಹಸುವಿನ ಸಾಲ ಬೇರೆ, ಗಾಡಿ ಸಾಲ ಬೇರೆ. ಹಸು ನಿಂತಲ್ಲೇ ನಿಂತರೂ ಹಾಲು ಕೊಡ್ತದೆ. ಗಾಡಿ ನಿಂತರೆ ಕಂತು ಮಾತ್ರ ಓಡ್ತದೆ. ಎಷ್ಟೋ ಮನೆಗಳಲ್ಲಿ ಸಾಲ ಹೆಂಗಸರ ಹೆಸರಲ್ಲಿ, ಗಾಡಿ ಗಂಡಸರ ಕೈಯಲ್ಲಿ, ಲೆಕ್ಕ ಯಾರ ಹತ್ತಿರವೂ ಇಲ್ಲ ಅನ್ನೋ ಹಾಗೆ ಇರ್ತದೆ. ಅದಕ್ಕೇ ಇವತ್ತು ಒಂದೇ ಮಾತು ಹೇಳೋಕೆ ನಿಂತಿದ್ದೇನೆ: ಕಂತು ಕಟ್ಟೋರು ನಾವಾದರೆ ಗಾಡಿಯ ಕಾಗದ, ಲೆಕ್ಕ, ರಿಪೇರಿ ಮೂರೂ ನಮಗೆ ಗೊತ್ತಿರಬೇಕು.

ಹೆಂಗಸರು ಓಡಿಸಬಹುದಾ?

ಮೊದಲು ಈ ಪ್ರಶ್ನೆ ಮುಗಿಸೋಣ. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಕಸ ಸಂಗ್ರಹಿಸುವ "ಸ್ವಚ್ಛ ವಾಹಿನಿ" ಗಾಡಿಗಳನ್ನು ಓಡಿಸ್ತಾ ಇರೋರು ಸ್ವಸಹಾಯ ಸಂಘದ ಹೆಂಗಸರೇ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಚಾಲನೆ ಕಲಿತು, ಲೈಸೆನ್ಸ್ ಪಡೆದು, ದಿನಾ ಬೆಳಗ್ಗೆ ಸ್ಟೀರಿಂಗ್ ಹಿಡಿಯೋರು ಅವರು. ಅವರೂ ನಮ್ಮ ಹಾಗೆ ವಾರಕ್ಕೊಮ್ಮೆ ಉಳಿತಾಯ ಕಟ್ಟೋರೇ.

ಕಾನೂನಿನ ತೊಡಕೂ ಈಗ ಇಲ್ಲ. ಲಘು ವಾಹನದ ಲೈಸೆನ್ಸ್ ಇದ್ದರೆ, ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಕಾರಿಗೆ ತೆಗೆದ ಲೈಸೆನ್ಸೇ ಪಿಕಪ್ಪಿಗೂ ಸಾಕು. ವಯಸ್ಸು ಮಾತ್ರ 20 ತುಂಬಿರಬೇಕು.

ಕೊಳ್ಳುವ ಮುಂಚೆ ಒಂದು ಲೆಕ್ಕ

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಮುಕ್ಕಾಲು ಟನ್ ಹೊರುವ ಸಣ್ಣ ನಾಲ್ಕು ಚಕ್ರದ ಗಾಡಿ ಹಳ್ಳಿ ಹಳ್ಳಿಗೂ ಬಂತು. ಬೊಲೆರೊ ಪಿಕಪ್ಪು, ದೋಸ್ತ್, ಸೂಪರ್ ಕ್ಯಾರಿ ಹೀಗೆ ಇನ್ನೂ ಹಲವು ಇವೆ. ಯಾವುದು ಒಳ್ಳೇದು ಅಂತ ಕೇಳೋದಕ್ಕಿಂತ ನಮ್ಮ ಸರಕು ಯಾವುದು, ತಿಂಗಳಿಗೆ ಎಷ್ಟು ಕಿಲೋಮೀಟರು ಓಡೀತು ಅಂತ ಕೇಳಿಕೊಳ್ಳಿ.

ಅರ್ಥವಾಗಲಿ ಅಂತ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಗಾಡಿಯ ಅಂಕಿ ನೀವು ಹಾಕಿಕೊಳ್ಳಿ. ತಿಂಗಳಿಗೆ 2,000 ಕಿ.ಮೀ. ಓಡ್ತದೆ ಅನ್ನಿ.

1. ಡೀಸೆಲ್: ಲೀಟರಿಗೆ 90 ರೂ., ಲೀಟರಿಗೆ 15 ಕಿ.ಮೀ. ಆದರೆ ಕಿ.ಮೀ.ಗೆ 6 ರೂ.
2. ಟೈರು: ನಾಲ್ಕಕ್ಕೆ 20,000 ರೂ., 40,000 ಕಿ.ಮೀ. ಬಂದರೆ ಕಿ.ಮೀ.ಗೆ 50 ಪೈಸೆ.
3. ಸರ್ವಿಸು: 10,000 ಕಿ.ಮೀ.ಗೆ 6,000 ರೂ. ಆದರೆ ಕಿ.ಮೀ.ಗೆ 60 ಪೈಸೆ.
4. ಇನ್ಶೂರೆನ್ಸು, ಎಫ್‌ಸಿ ಇತ್ಯಾದಿ: ವರ್ಷಕ್ಕೆ 36,000 ರೂ. ಆದರೆ ಕಿ.ಮೀ.ಗೆ ಒಂದೂವರೆ ರೂ.
5. ಸಾಲದ ಕಂತು: ತಿಂಗಳಿಗೆ 12,000 ರೂ. ಆದರೆ ಕಿ.ಮೀ.ಗೆ 6 ರೂ.
6. ಡ್ರೈವರ್ ಸಂಬಳ: 15,000 ರೂ. ಆದರೆ ಕಿ.ಮೀ.ಗೆ ಏಳೂವರೆ ರೂ.

ಒಟ್ಟು ಕಿ.ಮೀ.ಗೆ 22 ರೂಪಾಯಿ 10 ಪೈಸೆ. ಕ್ಯಾತ್ಸಂದ್ರದಿಂದ ಗುಬ್ಬಿಗೆ ಹೋಗಿಬರೋಕೆ ಸುಮಾರು 50 ಕಿ.ಮೀ. ಅಂದರೆ ನಿಜವಾದ ಖರ್ಚು 1,105 ರೂ. ಯಾರೋ ಪರಿಚಯದವರು ಬಂದು "ಅಕ್ಕಾ, 800 ಕೊಡ್ತೀನಿ" ಅಂತಾರೆ. ಡೀಸೆಲ್ಲಿಗೆ 300 ಹೋದರೂ 500 ಉಳೀತು ಅಂತ ನಾವು ಖುಷಿಪಡ್ತೇವೆ. ಉಳಿದದ್ದು ಏನೂ ಇಲ್ಲ ತಾಯಂದಿರೇ, 305 ರೂಪಾಯಿ ಕೈಯಿಂದ ಹೋಯ್ತು. ಅದು ಇವತ್ತು ಕಾಣೋದಿಲ್ಲ, ಟೈರು ಸವೆದ ದಿನ, ಇನ್ಶೂರೆನ್ಸು ಕಟ್ಟೋ ದಿನ ಕಾಣ್ತದೆ. ಆಗ ಕೊರಳಲ್ಲಿರೋ ಚಿನ್ನ ಅಡವಿಗೆ ಹೋಗ್ತದೆ.

ಇನ್ನೊಂದು ನೋಡಿ. ಇದೇ ಗಾಡಿ ತಿಂಗಳಿಗೆ 1,000 ಕಿ.ಮೀ. ಮಾತ್ರ ಓಡಿದರೆ ಕಂತು, ಸಂಬಳ, ಇನ್ಶೂರೆನ್ಸು ಕಡಿಮೆ ಆಗೋದಿಲ್ಲ. ಕಿ.ಮೀ. ಖರ್ಚು 37 ರೂಪಾಯಿ ದಾಟ್ತದೆ. ಆದ್ದರಿಂದ ಖಾತ್ರಿ ಬಾಡಿಗೆ ಇಲ್ಲದೆ ಗಾಡಿ ಕೊಳ್ಳಬೇಡಿ. ಎರಡು ಹೋಟೆಲು, ಒಂದು ತೆಂಗಿನ ವ್ಯಾಪಾರಿ, ಒಂದು ಹಾಲಿನ ಡೇರಿ, ಹೀಗೆ ಮೂರ್ನಾಲ್ಕು ಕಡೆ ಮಾತಾಡಿಕೊಂಡು ಆಮೇಲೆ ಬ್ಯಾಂಕಿಗೆ ಹೋಗಿ.

ಕಾಗದ ಪತ್ರ

ಗಾಡಿ ಯಾರದು ಅನ್ನೋದನ್ನು ಆರ್‌ಸಿ ಹೇಳ್ತದೆ. ಸಾಲ ನಿಮ್ಮ ಹೆಸರಲ್ಲಿದ್ದರೆ ಆರ್‌ಸಿಯೂ ನಿಮ್ಮ ಹೆಸರಲ್ಲೇ ಇರಲಿ. ನಾಲ್ಕು ಜನ ಸೇರಿ ಕೊಳ್ಳೋದಾದರೆ ಒಬ್ಬರ ಹೆಸರಲ್ಲಿ ಬರೆಸಿ, ಉಳಿದವರ ಪಾಲು ಎಷ್ಟು, ಲಾಭ ನಷ್ಟ ಹೇಗೆ, ಒಬ್ಬರು ಬಿಟ್ಟು ಹೋದರೆ ಏನು ಅನ್ನೋದನ್ನು ಛಾಪಾ ಕಾಗದದಲ್ಲಿ ಬರೆದು, ಸಂಘದ ನಡಾವಳಿ ಪುಸ್ತಕದಲ್ಲೂ ದಾಖಲಿಸಿ. ಬಾಯಿ ಮಾತು ನಂಬಿದ ಕಡೆ ಗಾಡಿಯೂ ಹೋಗ್ತದೆ, ಸ್ನೇಹವೂ ಹೋಗ್ತದೆ.

ಬಾಡಿಗೆಗೆ ಓಡಿಸೋ ಗಾಡಿಗೆ ಹಳದಿ ಬೋರ್ಡೇ ಇರಬೇಕು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಹೊಸ ಗಾಡಿಗೆ ಮೊದಲ ಎರಡು ವರ್ಷ ಎಫ್‌ಸಿ ಚಿಂತೆ ಇಲ್ಲ. ಆಮೇಲೆ ಎಂಟು ವರ್ಷ ತುಂಬೋವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ಪ್ರತಿ ವರ್ಷ ಮಾಡಿಸಬೇಕು. ಟೋಲಿಗೆ ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯ. ಈ ಎಲ್ಲ ತಾರೀಖುಗಳನ್ನೂ ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಹಳೇ ಗಾಡಿ ಕೊಳ್ಳೋರು ಇನ್ನೂ ಜೋಪಾನ. ಆರ್‌ಸಿಯಲ್ಲಿರೋ ಚಾಸಿಸ್ ನಂಬರು ಗಾಡಿ ಮೇಲಿನ ನಂಬರಿಗೆ ಸರಿಯಾಗಿ ಕೂಡ್ತದಾ ನೋಡಿ. ಹಳೇ ಸಾಲ ತೀರಿದೆಯಾ, ದಂಡ ಬಾಕಿ ಇದೆಯಾ ವಿಚಾರಿಸಿ. ಹಣ ಕೊಟ್ಟ ಮೇಲೆ ಹೆಸರು ಬದಲಾವಣೆಯನ್ನು ಮುಂದೂಡಬೇಡಿ. ಮಾರೋರಿಗೂ ಇದೇ ಮಾತು. ಗಾಡಿ ಮಾರಿ, ಹೆಸರು ಬದಲಾಯಿಸದೆ ಬಿಟ್ಟರೆ, ಆಮೇಲೆ ಆಗೋ ಅಪಘಾತಕ್ಕೂ ಪುಸ್ತಕದಲ್ಲಿ ಹೆಸರಿರೋರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಸಾಲ ತೀರಿದ ದಿನ ಬ್ಯಾಂಕಿನಿಂದ ಬಾಕಿ ಇಲ್ಲ ಅನ್ನೋ ಪತ್ರ ಪಡೆದು, ನಮ್ಮ ತುಮಕೂರಿನ ಕೆಎ-06 ಕಚೇರಿಯಲ್ಲಿ ಆರ್‌ಸಿಯಿಂದ ಸಾಲದ ನಮೂದು ತೆಗೆಸಿ. ಎಷ್ಟೋ ಜನ ಇದೊಂದನ್ನು ಮರೆತು, ಮಾರೋ ಹೊತ್ತಿನಲ್ಲಿ ಅಲೆದಾಡ್ತಾರೆ.

ಬೆಳಗಿನ ಐದು ನಿಮಿಷ

ಕೊಟ್ಟಿಗೆಗೆ ಹೋದ ಕೂಡಲೇ ಹಸು ಮೇವು ತಿಂತಾ, ಕಣ್ಣು ಹೇಗಿದೆ ಅಂತ ನೋಡ್ತೇವಲ್ಲ, ಗಾಡಿಗೂ ಹಾಗೇ. ಡ್ರೈವರ್ ಬೇರೆಯವರಾದರೂ ಒಡತಿ ಇದನ್ನು ನೋಡೋಕೆ ಕಲೀಬೇಕು.

1. ಗಾಡಿ ನಿಂತ ಜಾಗದಲ್ಲಿ ನೆಲ ನೋಡಿ. ಎಣ್ಣೆ, ನೀರು ತೊಟ್ಟಿಕ್ಕಿದ್ದರೆ ಕಾರಣ ಹುಡುಕಿ.
2. ಸಮ ನೆಲದಲ್ಲಿ, ಇಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತಿನ ನಡುವೆ ಇರಬೇಕು.
3. ಕೂಲಂಟ್ ಮಟ್ಟ ನೋಡಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೀಬೇಡಿ, ಮುಖ ಸುಟ್ಟುಹೋಗ್ತದೆ.
4. ನಾಲ್ಕೂ ಟೈರು, ಸ್ಟೆಪ್ನಿ ನೋಡಿ. ಗಾಳಿ ಎಷ್ಟಿರಬೇಕು ಅಂತ ಕಂಪನಿ ಪುಸ್ತಕದಲ್ಲಿದೆ, ಖಾಲಿ ಗಾಡಿಗೆ ಬೇರೆ, ಲೋಡಿಗೆ ಬೇರೆ. ಒಂದು ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿ.
5. ಬ್ರೇಕ್ ಒತ್ತಿ ನೋಡಿ. ಕಾಲು ಒಳಕ್ಕೆ ಇಳಿದುಹೋದರೆ ಆ ದಿನ ಗಾಡಿ ಹೊರಡೋದು ಬೇಡ, ಬಾಡಿಗೆ ಹೋದರೂ ಹೋಗಲಿ.
6. ಹೆಡ್‌ಲೈಟು, ಹಿಂದಿನ ಕೆಂಪು ದೀಪ, ಇಂಡಿಕೇಟರ್, ಹಾರ್ನ್ ನೋಡಿ.

ಆಯಿಲ್, ಫಿಲ್ಟರ್ ಬದಲಿಸೋ ಗಡುವು ಕಂಪನಿ ಪುಸ್ತಕದಲ್ಲಿ ಇರ್ತದೆ. ಮಣ್ಣು ರಸ್ತೆಯಲ್ಲಿ, ಇಟ್ಟಿಗೆ ಗೂಡು, ಕ್ವಾರಿ ಕಡೆ ಓಡೋ ಗಾಡಿಗೆ ಏರ್ ಫಿಲ್ಟರನ್ನು ಗಡುವಿಗೆ ಮುಂಚೆಯೇ ನೋಡಿಸಿ. ಧೂಳು ತುಂಬಿದ ಫಿಲ್ಟರು ಡೀಸೆಲ್ ಕುಡೀತದೆ, ಹೊಗೆ ಕಾರ್ತದೆ. 2020ರ ಏಪ್ರಿಲ್ ನಂತರ ನೋಂದಣಿಯಾದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧಮಾಡೋ ಭಾಗಗಳು ಇನ್ನೂ ಸೂಕ್ಷ್ಮ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದರೆ ಅಸಡ್ಡೆ ಮಾಡಬೇಡಿ. "ಅದನ್ನೆಲ್ಲ ಕಿತ್ತು ಬಿಸಾಕ್ತೀನಿ, ಮೈಲೇಜ್ ಬರ್ತದೆ" ಅನ್ನೋರ ಮಾತು ಕೇಳಬೇಡಿ.

ಗ್ಯಾರೇಜಿಗೆ ಹೋದಾಗ ಮೂರು ಅಭ್ಯಾಸ ಇಟ್ಟುಕೊಳ್ಳಿ. ಕೆಲಸ ಶುರು ಮಾಡೋ ಮುಂಚೆ ಎಷ್ಟಾಗ್ತದೆ ಅಂತ ಬರೆಸಿಕೊಳ್ಳಿ. ತೆಗೆದ ಹಳೇ ಸಾಮಾನನ್ನು ಕೇಳಿ ಪಡೀರಿ. ಬಿಲ್ಲನ್ನೂ ಮೀಟರಿನ ಕಿ.ಮೀ.ಯನ್ನೂ ಒಂದು ನೋಟ್ ಪುಸ್ತಕದಲ್ಲಿ ಇಡಿ. ಆ ಪುಸ್ತಕ ಇದ್ದರೆ ಮೋಸ ಮಾಡೋರಿಗೂ ಭಯ, ಮಾರುವಾಗಲೂ ಎರಡು ಕಾಸು ಹೆಚ್ಚು ಸಿಗ್ತದೆ.

ಏನು ಬದಲಾಯಿಸಬಹುದು, ಏನು ಕೂಡದು

ಹೊಸ ಗಾಡಿ ಬಂತು ಅಂದ್ರೆ ಮನೆ ಹುಡುಗರಿಗೆ ಸಡಗರ. ಕಮಾನು ಪಟ್ಟಿ ಇನ್ನೆರಡು ಹಾಕಿಸೋಣ, ಪಕ್ಕದ ಹಲಗೆ ಎತ್ತರಿಸೋಣ, ದೊಡ್ಡ ಟೈರು, ಕಣ್ಣು ಕುಕ್ಕೋ ಲೈಟು, ಮುಂದೆ ಕಬ್ಬಿಣದ ಗಾರ್ಡು ಅಂತಾರೆ. ಸ್ವಲ್ಪ ತಡೀರಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇದೆ. ಮಾಲೀಕರು ಅಂದ್ರೆ ಯಾರು? ಆರ್‌ಸಿಯಲ್ಲಿ ಹೆಸರಿರೋ ನೀವು.

ದಂಡದ ಮಾತು ಹಾಗಿರಲಿ. ಪಟ್ಟಿ ಹೆಚ್ಚಿಸಿದರೆ ಗಾಡಿ ಕೆಳಗೆ ಕೂರೋದಿಲ್ಲ ಅಷ್ಟೇ. ಬ್ರೇಕು, ಆಕ್ಸಲ್, ಟೈರು ಹಳೇ ಅಳತೆಯವೇ. ಹೊರೋ ಹಾಗೆ ಕಾಣ್ತದೆ, ನಿಲ್ಲೋದಿಲ್ಲ. ಸುಲಿದ ತೆಂಗಿನಕಾಯಿ ಒಂದಕ್ಕೆ ಅರ್ಧ ಕೆ.ಜಿ. ಹಿಡಿದರೂ 2,000 ಕಾಯಿ ಒಂದು ಟನ್. ಮುಕ್ಕಾಲು ಟನ್ ಗಾಡಿಗೆ 1,500ಕ್ಕೆ ನಿಲ್ಲಿಸಬೇಕು. ಹೆಚ್ಚಿನ ಲೋಡಿಗೆ ಕಾಯ್ದೆಯಲ್ಲಿ 20,000 ರೂ. ದಂಡ, ಮೇಲೆ ಟನ್ನಿಗೆ 2,000 ರೂ.

ಹಾಗಾದರೆ ಏನು ಮಾಡಿಸಬಹುದು? ನೆಲಕ್ಕೆ ರಬ್ಬರ್ ಹಾಸು, ಗಟ್ಟಿ ಹಗ್ಗ, ಒಳ್ಳೆ ಟಾರ್ಪಾಲು, ಹೊಳೆಯೋ ಪಟ್ಟಿ, ಇಳಿಸಿ ಏರಿಸೋ ಕ್ರೇಟುಗಳು ಇವಿಷ್ಟಕ್ಕೆ ಯಾರ ತಕರಾರೂ ಇಲ್ಲ. ಇಡ್ಲಿ ಪಾತ್ರೆ ಸಾಗಿಸೋರು ಗಾಡಿಗೆ ವೆಲ್ಡಿಂಗ್ ಮಾಡಿಸದೆ, ಬೇಕಾದಾಗ ಇಟ್ಟು ತೆಗೆಯೋ ಸ್ಟ್ಯಾಂಡ್ ಮಾಡಿಸಿ ಬಿಗಿಯಾಗಿ ಕಟ್ಟಿ. ಗಾಡಿಯನ್ನೇ ತಿಂಡಿ ಗಾಡಿ ಮಾಡಬೇಕು, ಮುಚ್ಚಿದ ಬಾಡಿ ಕಟ್ಟಿಸಬೇಕು ಅಂದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಕೆಲಸ, ಆಮೇಲೆ ಆರ್‌ಸಿಯಲ್ಲಿ ನಮೂದು. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ.

ಜನ ಸರಕಲ್ಲ

ಕೊನೆಯ ಮಾತು, ಇದನ್ನು ಮಾತ್ರ ಮರೀಬೇಡಿ. ಜಾತ್ರೆಗೆ, ಬೀಗರೂಟಕ್ಕೆ, ಕೂಲಿಗೆ ಪಿಕಪ್ಪಿನ ಹಿಂದೆ ಜನರನ್ನು ತುಂಬಿಕೊಂಡು ಹೋಗೋದು ನಮ್ಮ ಕಡೆ ರೂಢಿ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಬಂದಾಗ "ಅಕ್ಕಾ, ನಿಮ್ಮ ಗಾಡಿಯಲ್ಲಿ ಒಂದು ಟ್ರಿಪ್ಪು" ಅಂತ ಕೇಳೋರಿಗೆ ಇಲ್ಲ ಅನ್ನೋದು ಕಷ್ಟ. ಆದರೂ ಇಲ್ಲ ಅನ್ನಿ. 2025ರ ಜನವರಿ 22ರ ಬೆಳಗಿನ ಜಾವ ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ಲಾರಿ ಉರುಳಿಬಿತ್ತು. ಅದರಲ್ಲಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಹೊಟ್ಟೆಪಾಡಿಗೆ ಹೊರಟ ನಮ್ಮಂಥವರೇ ಅವರು.

ಸರಕು ಗಾಡಿಯಲ್ಲಿ ಸರಕಿನ ಮಾಲೀಕರು ಅಥವಾ ಅವರ ಪರವಾಗಿ ಬಂದವರು ಕ್ಯಾಬಿನ್ನಿನಲ್ಲಿ ಕೂತರೆ ವಿಮೆ ಉಂಟು. ಹಿಂದೆ ಕೂತ ಜನರಿಗೆ ವಿಮೆಯ ರಕ್ಷಣೆ ಇಲ್ಲ. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರೋರ ತಲೆ ಮೇಲೆ ಬರ್ತದೆ, ಮನೆ ಜಮೀನು ಮಾರಿದರೂ ತೀರೋದಿಲ್ಲ. ಹೋದ ಜೀವವಂತೂ ಬರೋದೇ ಇಲ್ಲ.

ಅಕ್ಕತಂಗಿಯರೇ, ಗಾಡಿ ಕೊಳ್ಳಬೇಡಿ ಅಂತ ನಾನು ಹೇಳ್ತಾ ಇಲ್ಲ. ತಿಳ್ಕೊಂಡು ಕೊಳ್ಳಿ. ಬೀಗದ ಕೈ ಯಾರ ಕೈಯಲ್ಲೇ ಇರಲಿ, ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿರಲಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಸದಸ್ಯೆಯರ ಮನೆಗಳಲ್ಲಿ ಯಾವ ಗಾಡಿಗಳಿವೆ? ಸಾಲ ಯಾರ ಹೆಸರಲ್ಲಿದೆ, ಆರ್‌ಸಿ ಯಾರ ಹೆಸರಲ್ಲಿದೆ?
2. ಒಂದು ತಿಂಗಳು ಆ ಗಾಡಿಯ ಖರ್ಚು ಬರೆದಿಟ್ಟು, ಕಿ.ಮೀ.ಗೆ ಎಷ್ಟು ಬೀಳ್ತದೆ ಅಂತ ಮುಂದಿನ ಸಭೆಗೆ ತರೋರು ಯಾರು?
3. ಚಾಲನೆ ಕಲಿಯೋಕೆ ಇಷ್ಟ ಇರೋ ಸದಸ್ಯೆಯರು ಎಷ್ಟು ಜನ? ಹೆಸರು ನಡಾವಳಿಯಲ್ಲಿ ಬರೆಯಿರಿ.
4. ಪಿಕಪ್ಪಿನ ಹಿಂದೆ ಜನರನ್ನು ಕೂರಿಸೋದಿಲ್ಲ ಅಂತ ನಾವು ಠರಾವು ಮಾಡಬಹುದಾ?