ರಾಜಿ ಬೇರೆ, ಮಾತುಕತೆ ಬೇರೆ

(ಹಾಸ್ಟೆಲ್ ಗೆಳೆಯರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)

ಗೆಳೆಯರೆ,

ಅಹಿಂಸೆ ಅನ್ನೋ ಮಾತು ಕೇಳಿದ ಕೂಡಲೇ ನಮ್ಮ ಹಾಸ್ಟೆಲ್ ಹುಡುಗರಿಗೆ ಸಿಟ್ಟು ಬರುತ್ತದೆ. ಬರಬೇಕಾದ್ದೇ. ಯಾಕೆಂದರೆ ಈ ಮಾತನ್ನು ನಮಗೆ ಯಾವಾಗಲೂ ಹೊಡೆಯುವವರೇ ಹೇಳಿದ್ದಾರೆ. ದೊಣ್ಣೆ ಹಿಡಿದವನಿಗೆ ಊರಲ್ಲಿ ಯಾರೂ ಅಹಿಂಸೆಯ ಪಾಠ ಮಾಡಲಿಲ್ಲ. ಪೆಟ್ಟು ತಿಂದವನ ಬಾಗಿಲಿಗೆ ಬಂದು, 'ಏನೋ ಆಗಿದ್ದು ಆಯ್ತು, ಬಿಡ್ರಪ್ಪಾ, ಒಂದೇ ಊರಲ್ಲಿ ಬಾಳಬೇಕಾದೋರು' ಅಂತಾರೆ. ನಮ್ಮ ತಾತಂದಿರು ಇದನ್ನ ಕೇಳಿಕೊಂಡೇ ಬದುಕಿ ಸತ್ತರು. ಅದು ಅಹಿಂಸೆಯಲ್ಲ, ಭಯ. ಭಯಕ್ಕೆ ಒಳ್ಳೆ ಹೆಸರಿಟ್ಟು ಹೂ ಏರಿಸೋ ಕೆಲಸ ನಮಗೆ ಬೇಡ.

ಹಾಗಾದರೆ ಇವತ್ತು ಯಾವ ಅಹಿಂಸೆಯ ಮಾತಾಡೋಕೆ ನಿಂತಿದ್ದೇವೆ? ನಮ್ಮೂರಿನಿಂದಲೇ ಶುರು ಮಾಡ್ತೇವೆ.

ಕೆಲವು ವರ್ಷಗಳ ಹಿಂದೆ ಹಬ್ಬಕ್ಕೆ ಅಂತ ನಾವು ಏಳೆಂಟು ಜನ ಹಾಸ್ಟೆಲಿನಿಂದ ಊರಿಗೆ ಹೋಗಿದ್ದೆವು. ನಮ್ಮ ಕೇರಿಯ ಹುಡುಗನೊಬ್ಬ ಊರೊಳಗಿನ ಹೋಟೆಲಿನಲ್ಲಿ, ನಮಗಂತ ಸೂರಿನ ಸಂದಿಗೆ ಸಿಕ್ಕಿಸಿಟ್ಟಿದ್ದ ಲೋಟ ಬಿಟ್ಟು, ಎಲ್ಲರ ಲೋಟ ತಗೊಂಡು ಟೀ ಕುಡಿದ. ಅಷ್ಟೇ. ನಾಲ್ಕು ಜನ ಸೇರಿ ಬಡಿದರು. ಕಿವಿಯಿಂದ ರಕ್ತ ಬಂತು. ಅವತ್ತು ರಾತ್ರಿ ನಾವು ಮಾರಮ್ಮನ ಗುಡಿ ಹಿಂದೆ ಸೇರಿದೆವು. ಕಲ್ಲು, ದೊಣ್ಣೆ, ಪೆಟ್ರೋಲು, ಎಲ್ಲದರ ಮಾತೂ ಆಯಿತು. ನಮ್ಮೊಳಗೆ ಪದ್ಯ ಬರೆಯೋರು ಎಲ್ಲರಿಗಿಂತ ಜೋರಾಗಿ ಕೂಗಿದರು.

ಕತ್ತಲಲ್ಲಿ ಕೂತು ಕೇಳ್ತಿದ್ದ ಒಬ್ಬ ಅಜ್ಜಿ ಎದ್ದು ಬಂದಳು. 'ನೀವು ಸೋಮವಾರ ಬಸ್ಸು ಹತ್ತಿ ಹೊಂಟೋಗ್ತೀರಿ. ಆ ಬೆಂಕಿ ವಾಪಸ್ ಬರೋದು ಯಾರ ಗುಡಿಸಲಿಗ್ರೋ? ನಾಳೆ ಕೂಲಿಗೆ ಅವರ ಹೊಲಕ್ಕೆ ಹೋಗೋರು ಯಾರು? ನಮ್ಮನ್ನ ಒಂದು ಮಾತು ಕೇಳಿದಿರಾ?'

ಕೇಳಿರಲಿಲ್ಲ. ನಮ್ಮ ಜನಕ್ಕಾಗಿ ಪ್ರಾಣ ಕೊಡ್ತೀವಿ ಅಂದವರು ನಮ್ಮ ಜನವನ್ನೇ ಕೇಳಿರಲಿಲ್ಲ. ಆ ರಾತ್ರಿ ನಮಗೆ ಮಹಾಡ್ ನೆನಪಾಯಿತು.

ಮಹಾಡ್ ಕೊಂಕಣ ಸೀಮೆಯ ಒಂದು ಪಟ್ಟಣ. ಅಲ್ಲಿನ ಚವದಾರ್ ಕೆರೆಯ ನೀರನ್ನು ದನ ಕುಡೀಬಹುದಿತ್ತು, ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. 1923ರಲ್ಲಿ ಮುಂಬೈ ಶಾಸನ ಸಭೆ ಎಸ್.ಕೆ. ಬೋಲೆಯವರು ತಂದ ಠರಾವು ಪಾಸು ಮಾಡಿ, ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಅಂದಿತು. 1924ರಲ್ಲಿ ಮಹಾಡ್ ಪುರಸಭೆಯೂ ಒಪ್ಪಿತು. ಕಾಗದದಲ್ಲಿ ಕೆರೆ ತೆರೆಯಿತು, ನೆಲದ ಮೇಲೆ ತೆರೆಯಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಸಾಲಾಗಿ ನಡೆದುಹೋಗಿ ಆ ನೀರು ಕುಡಿದರು. ಸ್ವಲ್ಪ ಹೊತ್ತಿಗೇ, 'ಇವರು ವೀರೇಶ್ವರನ ಗುಡಿಗೂ ನುಗ್ತಾರಂತೆ' ಅಂತ ಊರಲ್ಲಿ ಗುಲ್ಲೆದ್ದಿತು. ಬರೀ ಸುಳ್ಳು. ದೊಣ್ಣೆ ಹಿಡಿದ ಗುಂಪು ನಮ್ಮವರ ಮೇಲೆ ಬಿತ್ತು. ಪೆಟ್ಟು ತಿಂದವರು ಮುಸಲ್ಮಾನರ ಮನೆಗಳಲ್ಲಿ ಆಸರೆ ಪಡೆದರು. ನೆನಪಿಡಿ, ನಮ್ಮವರ ಗುಂಪಿನಲ್ಲಿ ಪಲ್ಟನ್ನಿನಲ್ಲಿ ದುಡಿದು ಬಂದ ಮಹಾರ್ ಸಿಪಾಯಿಗಳಿದ್ದರು. ಬಾಬಾಸಾಹೇಬರು ಒಂದು ಸಲ 'ಹೂಂ' ಅಂದಿದ್ದರೆ ಸಾಕಿತ್ತು. ಅವರು ಅನ್ನಲಿಲ್ಲ. ಕೈ ತಡೆದರು. ಪೊಲೀಸರಲ್ಲಿಗೆ ಹೋದರು. ಹೊಡೆದವರ ಮೇಲೆ ಕೇಸು ನಡೆದು ಕೆಲವರಿಗೆ ಜೈಲಾಯಿತು.

ಸವರ್ಣೀಯರು ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದೇ ವರ್ಷ ಡಿಸೆಂಬರ್ 25ರಂದು ನಮ್ಮವರು ಮತ್ತೆ ಮಹಾಡಿನಲ್ಲಿ ಸೇರಿ ಮನುಸ್ಮೃತಿ ಸುಟ್ಟರು. ಆ ಠರಾವು ಮಂಡಿಸಿದವರು ಬ್ರಾಹ್ಮಣರಾಗಿ ಹುಟ್ಟಿದ ಜಿ.ಎನ್. ಸಹಸ್ರಬುದ್ಧೆಯವರು. ಸುಟ್ಟದ್ದು ಪುಸ್ತಕವನ್ನ, ಯಾರ ಮನೆಯನ್ನೂ ಅಲ್ಲ. ಕೆರೆಯ ಮೇಲೆ ಕೋರ್ಟಿನ ತಡೆ ಇತ್ತು. ಹಾಗಾಗಿ ಎರಡನೇ ಸಲ ನೀರಿಗಿಳಿಯೋದನ್ನು ಮುಂದೂಡಿ ಕೇಸು ನಡೆಸಿದರು. 1937ರ ಮಾರ್ಚಿನಲ್ಲಿ ಮುಂಬೈ ಹೈಕೋರ್ಟು ನಮ್ಮ ಕಡೆಗೆ ತೀರ್ಪು ಕೊಟ್ಟಿತು. ಹತ್ತು ವರ್ಷ! ಕಲ್ಲೆಸೆಯೋಕೆ ಒಂದು ರಾತ್ರಿಯ ಸಿಟ್ಟು ಸಾಕು. ಹತ್ತು ವರ್ಷ ನಿಲ್ಲೋಕೆ ಸಂಘಟನೆ ಬೇಕು.

ಈಗ ನಮ್ಮೂರಿಗೆ ವಾಪಸ್ ಬರೋಣ. ಬೆಳಗಾಗುವ ಮುಂಚೆ ಆ ಹುಡುಗನನ್ನು ತಾಲ್ಲೂಕು ಆಸ್ಪತ್ರೆಗೆ ಕರಕೊಂಡು ಹೋಗಿ ಗಾಯ ಬರೆಸಿದೆವು. ದೂರು ಕೊಟ್ಟೆವು. ಆಮೇಲೆ ಮೂರು ರಾತ್ರಿ ಕೇರಿಯಲ್ಲಿ ಕೂತು ಮಾತಾಡಿದೆವು. ಹೆಂಗಸರು ಮುಂದೆ ಕೂತರು. ಆಚೆ ಕೇರಿಯವರನ್ನೂ ಜೊತೆಗೆ ಕರೆಯೋಣ ಅಂತ ಹೋದೆವು. ನಮ್ಮದು ಹೊಲಗೇರಿ, ಅದು ಮಾದಿಗರ ಕೇರಿ. ಅಲ್ಲಿನ ಹಿರಿಯರೊಬ್ಬರು ನಮ್ಮನ್ನೊಂದು ಮಾತು ಕೇಳಿದರು: 'ಹೋಟ್ಲು ಲೋಟದ ಮಾತು ಇರಲಿ. ನಿಮ್ಮ ಮನೇಲಿ ನಮಗೆ ಯಾವ ಲೋಟ?'

ಗೆಳೆಯರೆ, ಅವತ್ತು ತಲೆ ತಗ್ಗಿಸಿದ ಹಾಗೆ ನಾವು ಯಾವ ಗೌಡನ ಮುಂದೆಯೂ ತಗ್ಗಿಸಿಲ್ಲ. ಮಾರನೇ ದಿನ ಆ ಕೇರಿಯವರು ನಮ್ಮ ಮನೆಗಳಲ್ಲಿ ಉಂಡರು, ನಾವು ಅವರ ಮನೆಗಳಲ್ಲಿ ಉಂಡೆವು. ಮನೆಯಲ್ಲಿ ಕೆಲವು ಮುದುಕರು ಮುಖ ತಿರುಗಿಸಿದರು. ತಿರುಗಿಸಲಿ. ಮಾತುಕತೆ ಅನ್ನೋದು ಮೊದಲು ನಮ್ಮ ಹಿತ್ತಲಿನಿಂದ ಶುರುವಾಗಬೇಕು ಅನ್ನೋದನ್ನ ನಾವು ಕಲಿತದ್ದು ಹೀಗೆ.

ಆಮೇಲೆ ಊರ ಯಜಮಾನರು 'ಶಾಂತಿ ಸಭೆ' ಕರೆದರು. ಅವರು ಗುಡಿ ಜಗಲಿ ಮೇಲೆ, ನಾವು ಕೆಳಗೆ ಮಣ್ಣಲ್ಲಿ. ಮೊದಲನೇ ಮಾತೇ, 'ಕಂಪ್ಲೇಂಟು ವಾಪಸ್ ತಗೊಳ್ಳಿ.' ನಾವು ಎದ್ದು ಬಂದೆವು. ಕೂಗಲಿಲ್ಲ, ಬೈಯಲಿಲ್ಲ. ಎರಡು ಮಾತು ಮಾತ್ರ ಹೇಳಿದೆವು. ಕೂತರೆ ಒಂದೇ ಜಮಖಾನದ ಮೇಲೆ ಕೂರೋಣ. ಕೇಸು ನಿನ್ನೆಯದು, ಮಾತು ನಾಳೆಯದು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳೋದಿಲ್ಲ.

ಇದೇ ನಾವು ಹೇಳಬೇಕಾದ ಮಾತು. ದೂರು ನುಂಗಿಸೋದು ರಾಜಿ. ಸಮನಾಗಿ ಕೂತು, ದೂರು ಇಟ್ಟುಕೊಂಡೇ ಮಾತಾಡೋದು ಮಾತುಕತೆ. ಒಂದು ನಮ್ಮನ್ನು ಕುಗ್ಗಿಸುತ್ತೆ, ಇನ್ನೊಂದು ಎದುರಿನವನನ್ನೂ ಮನುಷ್ಯನನ್ನಾಗಿ ಮಾಡುತ್ತೆ.

ಇಪ್ಪತ್ತು ದಿನ ಆದಮೇಲೆ ಸ್ಕೂಲಿನ ಅಂಗಳದಲ್ಲಿ ಒಂದೇ ಜಮಖಾನ ಹಾಸಿತು. ಬೇರೆ ಲೋಟ ಹೋಯಿತು. ಆದರೆ ನಮಗೆ ಮಾತ್ರ ಪೇಪರ್ ಕಪ್ಪು ಬಂತು! ಮತ್ತೆ ಹೋಗಿ ಕೂತೆವು. ಈಗ ಎಲ್ಲರಿಗೂ ಒಂದೇ ಲೋಟ. ಆ ನಡುವೆ ಎರಡು ತಿಂಗಳು ನಮ್ಮ ಹೆಂಗಸರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಪಕ್ಕದೂರಿಗೆ ನಡೆದುಹೋಗಿ ದುಡಿದರು. ಗೆದ್ದೆವು ಅಂತ ನಾವು ಭಾಷಣ ಮಾಡುವಾಗ ಆ ಎರಡು ತಿಂಗಳ ಒಲೆಗಳನ್ನು ಮರೆಯಬಾರದು.

ಇನ್ನೊಂದು ಕಡೆಯನ್ನೂ ನೋಡಬೇಕು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಸಾಕ್ಷಿಗಳನ್ನು ಬೈಯೋದು ಸುಲಭ. ಆರು ವರ್ಷ ಅದೇ ಸೀಮೆಯಲ್ಲಿ ಅವರು ಭಯದಲ್ಲಿ ಬದುಕುವಾಗ ಅವರ ಬಾಗಿಲಲ್ಲಿ ನಾವೆಷ್ಟು ಜನ ಇದ್ದೆವು? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 101 ಜನರನ್ನು ಅಪರಾಧಿಗಳೆಂದು, ಅವರಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಮೇಲ್ಮನವಿಯೂ ಹೋಯಿತು, ಬಹಳ ಜನಕ್ಕೆ ಜಾಮೀನೂ ಸಿಕ್ಕಿತು. ಆದರೂ ಹತ್ತು ವರ್ಷ ಕೇಸು ಸಾಯಲಿಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತು ಬೆರಳು ತೋರಿಸೋ ಕೂಲಿಯವನ ಕೈಯಲ್ಲಿ ಆಯುಧ ಇರೋದಿಲ್ಲ. ಅದಕ್ಕಿಂತ ದೊಡ್ಡ ಧೈರ್ಯ ನಮಗೆ ಗೊತ್ತಿಲ್ಲ.

ಹಾಗಾದರೆ ಓದಿದ ನಾವು ಏನು ಮಾಡಬೇಕು? ಊರಲ್ಲಿ ಗಲಾಟೆ ಅಂತ ಸುದ್ದಿ ಬಂದರೆ ಮೊಬೈಲಿನಲ್ಲಿ ಬಂದದ್ದನ್ನು ಹಾಗೇ ಹರಡದೆ, ಹೋಗಿ ಕಣ್ಣಾರೆ ನೋಡೋಣ. ಮಹಾಡಿನಲ್ಲಿ ದೊಣ್ಣೆ ಎತ್ತಿಸಿದ್ದು ಒಂದು ಗುಲ್ಲು. ದಿನ, ಹೊತ್ತು, ನೋಡಿದವರ ಹೆಸರು ಅದೇ ದಿನ ಬರೆದಿಡೋಣ. ಗಾಯವನ್ನು ಆಸ್ಪತ್ರೆಯಲ್ಲಿ ದಾಖಲು ಮಾಡಿಸಿ, ಎಫ್‌ಐಆರ್ ಪ್ರತಿಯನ್ನು ಕೈಗೆ ಪಡೆಯೋಣ. ಅದು ಪುಕ್ಕಟೆ ಕೊಡಬೇಕಾದ್ದು. 1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸನ್ನು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಅನ್ನೋದು ನೆನಪಿರಲಿ. ಕೂಲಿಗೆ ಕರೆಯದೆ, ಅಂಗಡಿಯಲ್ಲಿ ಸಾಮಾನು ಕೊಡದೆ ಬಹಿಷ್ಕಾರ ಹಾಕೋದು 2016ರಿಂದ ಅದೇ ಕಾಯ್ದೆಯಲ್ಲಿ ಅಪರಾಧ. ಇದನ್ನ ಕೇರಿ ಕೇರಿಯಲ್ಲಿ ಓದಿ ಹೇಳೋಣ. ಸಾಕ್ಷಿ ಹೇಳೋ ದಿನ ಕೋರ್ಟಿಗೆ ಅವರ ಜೊತೆ ಬಸ್ಸು ಹತ್ತೋಣ. ಒಬ್ಬರನ್ನೇ ಕಳಿಸಬಾರದು.

ಮತ್ತೆ, ಮೇಲ್ಜಾತಿಯಲ್ಲೂ ನಮ್ಮ ಜೊತೆ ಓದೋ ಗೆಳೆಯರಿದ್ದಾರೆ. ಅವರಲ್ಲಿ ನಾಚಿಕೆಯಿಂದ ಸುಮ್ಮನಿರೋರನ್ನ ಮಾತಿಗೆಳೆಯೋಣ. ನಮ್ಮನೆಗೆ ಊಟಕ್ಕೆ ಬಾ ಅನ್ನೋಣ. ಬಂದರೆ ಜೊತೆಗಾರ, ಬರದಿದ್ದರೆ ಇನ್ನೊಂದು ಸಲ ಕರೆಯೋಣ.

ಸಿಟ್ಟನ್ನು ಬಿಡಿ ಅಂತ ನಾವು ಹೇಳ್ತಿಲ್ಲ. ಒಲೆಯಲ್ಲಿಟ್ಟರೆ ಅದೇ ಬೆಂಕಿ ಗಂಜಿ ಬೇಯಿಸುತ್ತೆ, ಸೂರಿಗಿಟ್ಟರೆ ಮನೆ ಸುಡುತ್ತೆ. ಅಜ್ಜಿ ಹೇಳಿದ್ದು ಇಷ್ಟೇ: ಬೆಂಕಿ ಹಚ್ಚೋ ಮುಂಚೆ, ಆ ಸೂರಿನ ಕೆಳಗೆ ಇರೋರನ್ನ ಒಂದು ಮಾತು ಕೇಳಿ.

ಜೈ ಭೀಮ್.